ಸ್ವಂತ ವಾಕ್ಯ

ದಸರೆಗೆ ಸಾಲಿ ರಜೆ ಬಿಟ್ಟು ಆರು ದಿನ.
ಬಂಡಿಹಟ್ಟಿಯ ಈ ಒಂದೂವರೆ ಕೋಣೆಯಲ್ಲಿ
ಇನ್ನೂರು ಜೀನ್ಸ್ ಪ್ಯಾಂಟು, ಒಂದು ಮಿಷನ್ನು,
ನಾನು, ಮತ್ತೆ ಇವರಿಬ್ಬರು.

ಪಂಪಾ ಮೂರನೇ ಕ್ಲಾಸು.
ಎರ್ರಿಸ್ವಾಮಿಗೆ ಬರುವ ಸಂಕ್ರಾಂತಿಗೆ ನಾಲ್ಕು.
ತಾತನ ಹೆಸರು, ತಾತನದೇ ಹಟ.
ತೆಲುಗು ಬಲ್ಲ ಪಕ್ಕದ ಮನೆಯಾಕೆ ನಗುತ್ತಾಳೆ:
'ಹುಚ್ಚ ಅಂತ ನೀವೇ ಹೆಸರಿಟ್ಟೀರಿ, ಅನುಭವಿಸ್ರಿ.'

ಬೆಳಗ್ಗೆ ಕಟ್ಟು ಬಿಚ್ಚಿದರೆ ಇವರಿಗೆ ಅದು ಪ್ಯಾಂಟಲ್ಲ,
ಕೋಟೆ ಗುಡ್ಡ.
ಮೇಲೆ ಹತ್ತಿದವನು ಸಿಪಾಯಿ,
ಕೆಳಗೆ ಕೂತವಳು ಟಿಕೆಟ್ ಹರಿಯುವವಳು.
ಒಂದೇ ಕಾಲಿನೊಳಗೆ ಇಬ್ಬರೂ ತೂರಿ
ಹೊರಬರಲಾಗದೆ ನಕ್ಕೂ ನಕ್ಕೂ
ಇವನು ಅದರಲ್ಲೇ ಉಚ್ಚೆ ಹೊಯ್ದ.
ಸೇಟು ಎಣಿಸಿ ಕೊಟ್ಟ ಮಾಲು!
ಬೈದೆ. ಬೆನ್ನಿಗೊಂದು ಬಾರಿಸಿದೆ ಕೂಡ.
ಆಮೇಲೆ ತೊಳೆದು ತಂತಿಗೆ ಹಾಕುವಾಗ
ಹಿಂಡಿದ ಪ್ಯಾಂಟಿನಲ್ಲೇ ಮುಖ ಮುಚ್ಚಿಕೊಂಡು
ನಾನೂ ನಕ್ಕೆ.

ಪಂಪಾಳ ರಜೆ ಅಭ್ಯಾಸ:
'ಕೆಳಗಿನ ಪದಗಳನ್ನು ಸ್ವಂತ ವಾಕ್ಯದಲ್ಲಿ ಬಳಸಿರಿ.'
ಸೂರ್ಯ ಆಯಿತು, ಹಸು ಆಯಿತು.
ಪ್ರವಾಸ: 'ನಮ್ಮಪ್ಪ ಲಾರಿಯಲ್ಲಿ ಪ್ರವಾಸ ಹೋಗಿದ್ದಾನೆ.'
ಕೃತಜ್ಞತೆಗೆ ಬಂದು ಪೆನ್ಸಿಲ್ಲು ನಿಂತಿತು.
'ಅವ್ವಾ, ಹಂಗಂದ್ರೇನು?'

ಏಳಕ್ಕೇ ಸಾಲಿ ಬಿಟ್ಟವಳು ನಾನು.
ಆ ಪದವನ್ನು ಕಂಡದ್ದು
ತಿಥಿ ಕಾರ್ಡಿನ ಕೊನೆಯ ಸಾಲಿನಲ್ಲಿ.
ಬಾಯಲ್ಲಿ ಯಾರೂ ಅಂದದ್ದಿಲ್ಲ.
ಪಕ್ಕದಾಕೆ ಸಾರು ಕೊಟ್ಟ ಬಟ್ಟಲನ್ನು
ಬರಿದು ತಿರುಗಿಸಬಾರದೆಂದು
ಒಂದು ಚಿಟಿಕೆ ಸಕ್ಕರೆಯಾದರೂ ಹಾಕಿ ಕೊಡುತ್ತೇವಲ್ಲ,
ಅದಕ್ಕೆ ಏನಂತಾರೆ?
'ಆಮ್ಯಾಲೆ ಹೇಳ್ತೀನಿ, ಕತ್ರಿ ಕೊಡು' ಅಂದೆ.

ನಾಲ್ಕು ಗಂಟೆಗೆ ಕರೆಂಟು ಹೋಯಿತು.
ಮಿಷನ್ ನಿಂತಿತು. ಫ್ಯಾನ್ ನಿಂತಿತು.
ಮಕ್ಕಳೂ ಸುಮ್ಮನಿದ್ದಾರೆ ಎಂದು ಆಗ ತಿಳಿಯಿತು.
ಎದೆ ಧಸಕ್ಕೆಂದಿತು.
ಮೂಲೆಯಲ್ಲಿ ಎರ್ರಿ ಮೂಗು ಹಿಡಿದು ಕೂತಿದ್ದಾನೆ.
ಜೇಬಿನ ತುದಿಗೆ ಬಡಿಯುವ ಹಿತ್ತಾಳೆ ರಿವೆಟ್ಟು
ಬಲ ಹೊಳ್ಳೆಯ ಆಳದಲ್ಲಿ
ಮೂಗುತಿಯಂತೆ ಹೊಳೆಯುತ್ತಿದೆ.

ಗಂಡನ ಫೋನು ಹತ್ತಲಿಲ್ಲ.
ಬರಿಗಾಲಲ್ಲಿ ಎತ್ತಿಕೊಂಡು ಓಡಿದೆ,
ಹಿಂದೆ ಪಂಪಾ, ಕೈಯಲ್ಲಿ ಇನ್ನೂ ಅದೇ ನೋಟ್‌ಬುಕ್ಕು.
ಆಟೋದವನಿಗೆ ದೊಡ್ಡ ದವಾಖಾನೆ ಎನ್ನಲು ಹೋಗಿ
ಬರೀ 'ಮೂಗು, ಮೂಗು' ಎಂದೆ.
ಕೌಲ್ ಬಜಾರಿನಲ್ಲಿ ರೈಲ್ವೆ ಗೇಟು ಬಿದ್ದಿತ್ತು.
ಅದಿರಿನ ಗೂಡ್ಸು. ಡಬ್ಬಿಯ ಹಿಂದೆ ಡಬ್ಬಿ,
ಮುಗಿಯುವುದೇ ಇಲ್ಲ.
ಆ ರೈಲಿನ ಏಳು ತಲೆಮಾರಿಗೆ ಶಾಪ ಹಾಕಿದೆ.
'ಬಾಯಲ್ಲಿ ಉಸಿರು ಬಿಡು ನನ್ನಪ್ಪಾ' ಎಂದೆ.
ಬೆಳಗ್ಗೆ ಹೊಡೆದ ಬೆನ್ನನ್ನೇ
ಸವರುತ್ತಿತ್ತು ನನ್ನ ನೀಲಿ ಕೈ.

ಗೇಟಿನ ಪಕ್ಕ ಮಿರ್ಚಿ ಬಂಡಿ.
ಅವನು ಆಗಷ್ಟೇ ಒಗ್ಗರಣೆಗೆ
ಒಣ ಮೆಣಸಿನಕಾಯಿ ಸುರಿದ.
ಘಾಟು ಇಡೀ ಆಟೋ ತುಂಬಿತು.
ಎರ್ರಿ ಕಣ್ಣು ಮುಚ್ಚಿದ, ಬಾಯಿ ತೆರೆದ,
ತಡೆದ, ತಡೆದ,
ಸೀನಿದ!
ರಿವೆಟ್ಟು ಟಣ್ ಎಂದು ಹೋಗಿ
ಡ್ರೈವರನ ಕಾಲ ಬಳಿ ಬಿತ್ತು.
'ಇನ್ನೊಂದ್ಸಲ!' ಅಂದ ಎರ್ರಿ.

ಅರ್ಧ ದಾರಿಗೆ ಅರ್ಧ ದುಡ್ಡು ಸಾಕೆಂದ ಡ್ರೈವರ್.
ಉಳಿದರ್ಧದಲ್ಲಿ ಮೂರು ಪೊಟ್ಟಣ ಒಗ್ಗರಣೆ, ಎರಡು ಮಿರ್ಚಿ.
ರೈಲು ಇನ್ನೂ ಹೋಗುತ್ತಲೇ ಇತ್ತು.
ನಿಂತುಕೊಂಡೇ ತಿಂದೆವು.
ಇವರಿಬ್ಬರೂ ಡಬ್ಬಿ ಎಣಿಸಿದರು,
ಇಪ್ಪತ್ತರ ನಂತರ ಎರ್ರಿಗೆ ಮತ್ತೆ ಹನ್ನೊಂದು.
ನಾನು ಅಳುತ್ತಿದ್ದೆನಂತೆ. ಖಾರಕ್ಕೆ ಅಂದೆ.

ರಾತ್ರಿ ಕಟ್ಟಿನ ಮೇಲೆಯೇ ಮಲಗಿದ್ದಾರೆ,
ತಲೆಗೂದಲ ತುಂಬ ನೀಲಿ ದಾರ.
ಪಂಪಾಳ ನೋಟ್‌ಬುಕ್ಕು ತೆರೆದೇ ಇದೆ:
'ನನ್ನ ತಮ್ಮ ಸೀನಿದಾಗ ನಮ್ಮ ಅವ್ವ
ಕೃತಜ್ಞತೆಯಿಂದ ಮಿರ್ಚಿ ತಿಂದಳು.'
ಸರಿಯೋ ತಪ್ಪೋ, ಟೀಚರು ನೋಡಿಕೊಳ್ಳಲಿ.

ಇನ್ನೂ ಅರವತ್ತು ಪ್ಯಾಂಟು ಬಾಕಿ.
ರಜೆ ಇನ್ನು ಒಂಬತ್ತೇ ದಿನ.
ನಾಳೆ ಸೇಟಿನ ಲೆಕ್ಕದಲ್ಲಿ
ಒಂದು ರಿವೆಟ್ಟು ಕಡಿಮೆ ಬೀಳುತ್ತದೆ.
ಬೀಳಲಿ.